‘ಪಾರಸಿಕರು’ ಓದುವ ಮುನ್ನ ಕೇಳಬೇಕಾದುದೇನು?

ಕ್ರಿ.ಪೂ. 472ರಲ್ಲಿ ಅಥೆನ್ಸಿನ ಡಯೊನಿಸಸ್ ಉತ್ಸವದಲ್ಲಿ ಈಸ್ಕಿಲಸ್‌ನ ‘ಪಾರಸಿಕರು’ ಪ್ರದರ್ಶಿತವಾಯಿತು. ಪೂರ್ಣರೂಪದಲ್ಲಿ ಉಳಿದುಬಂದಿರುವ ಗ್ರೀಕ್ ದುರಂತ ನಾಟಕಗಳಲ್ಲಿ ಇದೇ ಅತ್ಯಂತ ಪ್ರಾಚೀನವಾದುದೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಪ್ರಯೋಗದ ವೆಚ್ಚವನ್ನು ವಹಿಸಿಕೊಂಡವನು ಆಗಿನ್ನೂ ತರುಣನಾಗಿದ್ದ ಪೆರಿಕ್ಲಿಸ್. ಎಂಟು ವರ್ಷಗಳ ಹಿಂದೆ, ಕ್ರಿ.ಪೂ. 480ರಲ್ಲಿ, ಸಲಾಮಿಸ್ ಜಲಸಂಧಿಯಲ್ಲಿ ಪರ್ಷಿಯದ ಚಕ್ರವರ್ತಿ ಕ್ಸೆರ್ಕ್ಸಿಸ್‌ನ ನೌಕಾಪಡೆ ಕಂಡ ಸೋಲೇ ನಾಟಕದ ವಸ್ತು. ಅಂದಿನ ಪ್ರೇಕ್ಷಕರಲ್ಲಿ ಆ ಯುದ್ಧದಲ್ಲಿ ಹಡಗಿನ ಹುಟ್ಟು ಹಿಡಿದವರೂ ಇದ್ದರು. ಅವರಿಗೆ ಪೀಠಿಕೆ ಬೇಕಿರಲಿಲ್ಲ. ಎರಡೂವರೆ ಸಾವಿರ ವರ್ಷಗಳ ಈಚೆಗಿರುವ ನಮಗೆ ಬೇಕು. ಇಂದು ಆ ಪೀಠಿಕೆಯನ್ನು ಅನೇಕ ವಿದ್ಯಾರ್ಥಿಗಳು ಪಾಡ್‌ಕಾಸ್ಟ್‌ಗಳಲ್ಲಿ ಹುಡುಕುತ್ತಿದ್ದಾರೆ. ಇದು ಸರಿಯೇ ಎಂಬ ಪ್ರಶ್ನೆಗಿಂತ, ಓದಿಗೆ ಮೊದಲು ಏನನ್ನು ಕೇಳಬೇಕು, ಏನನ್ನು ಓದಿನ ನಂತರಕ್ಕೆ ಉಳಿಸಿಕೊಳ್ಳಬೇಕು ಎಂಬುದು ಮುಖ್ಯ.

ನಾಟಕಕ್ಕೆ ಕಿವಿಯನ್ನು ಮೊದಲೇ ಹದಗೊಳಿಸುವ ಪದ್ಧತಿ ಹಳೆಯದು. ಅಥೆನ್ಸಿನಲ್ಲಿ ‘ಪ್ರೊಆಗೊನ್’ ಎಂಬ ಆಚರಣೆಯಿತ್ತು. ಉತ್ಸವಕ್ಕೆ ಮುನ್ನ ಕವಿಗಳು ಮುಖವಾಡ ಧರಿಸದ ನಟರೊಡನೆ ಸಭೆಯ ಮುಂದೆ ನಿಂತು ತಮ್ಮ ನಾಟಕಗಳ ವಿಷಯವನ್ನು ಸಾರುತ್ತಿದ್ದರು. ಪೆರಿಕ್ಲಿಸ್ ಕಟ್ಟಿಸಿದ ಓಡಿಯಾನ್ ಸಭಾಂಗಣ ಸಿದ್ಧವಾದ ಮೇಲೆ ಇದು ಅಲ್ಲಿ ನಡೆಯುತ್ತಿತ್ತು. ಆ ಕಟ್ಟಡ ಕ್ಸೆರ್ಕ್ಸಿಸ್‌ನ ಡೇರೆಯ ಅನುಕರಣೆಯೆಂಬ ಪ್ರತೀತಿಯನ್ನು ಪ್ಲುಟಾರ್ಕ್ ದಾಖಲಿಸಿದ್ದಾನೆ. ನಮ್ಮ ನಾಟ್ಯಶಾಸ್ತ್ರ ತನ್ನ ಐದನೆಯ ಅಧ್ಯಾಯವನ್ನು ಪೂರ್ವರಂಗಕ್ಕೆ ಮೀಸಲಿಟ್ಟಿದೆ. ಸಂಸ್ಕೃತ ನಾಟಕಗಳ ಪ್ರಸ್ತಾವನೆಯಲ್ಲಿ ಸೂತ್ರಧಾರ ಬಂದು ಕವಿಯ ಹೆಸರನ್ನೂ ಕೃತಿಯ ಹೆಸರನ್ನೂ ಹೇಳಿ ಮರೆಯಾಗುತ್ತಾನೆ. ಎರಡೂ ಪರಂಪರೆಗಳು ಇಲ್ಲಿ ಒಂದೇ ಸಂಯಮವನ್ನು ತೋರುತ್ತವೆ: ವಸ್ತುವನ್ನು ತಿಳಿಸುತ್ತವೆ, ಅರ್ಥವನ್ನು ಸಭೆಗೆ ಬಿಡುತ್ತವೆ.

ಇಂದಿನ ಪಾಡ್‌ಕಾಸ್ಟ್‌ಗಳಲ್ಲಿ ಈ ಎರಡು ಕೆಲಸಗಳೂ ಬೆರೆತಿರುತ್ತವೆ. 1998ರಲ್ಲಿ ಮೆಲ್ವಿನ್ ಬ್ರ್ಯಾಗ್ ಅವರು ಬಿಬಿಸಿ ರೇಡಿಯೋ 4ರಲ್ಲಿ ಆರಂಭಿಸಿದ ‘ಇನ್ ಅವರ್ ಟೈಮ್’ ಸರಣಿಯಲ್ಲಿ ಸಾಮಾನ್ಯವಾಗಿ ಮೂವರು ವಿದ್ವಾಂಸರು ಒಂದು ವಿಷಯದ ಹಿನ್ನೆಲೆಯನ್ನು ಕಟ್ಟುತ್ತ ಹೋಗುತ್ತಾರೆ. ಆಕ್ಸ್‌ಫರ್ಡಿನ ಎಮ್ಮಾ ಸ್ಮಿತ್ ಅವರ ಷೇಕ್ಸ್‌ಪಿಯರ್ ಉಪನ್ಯಾಸಗಳು ಒಂದೊಂದು ನಾಟಕಕ್ಕೆ ಒಂದೊಂದು ವಿಮರ್ಶಾತ್ಮಕ ಪ್ರಶ್ನೆಯನ್ನು ಹಾಕುತ್ತವೆ. ಮೊದಲ ಬಗೆಯ ಮಾತನ್ನು ಓದಿಗೆ ಮೊದಲು ಕೇಳಬಹುದು. ಎರಡನೆಯದರ ಸಾರ್ಥಕ್ಯ ಓದಿದವನಿಗೇ ಹೆಚ್ಚು. ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ದೊರೆತರೆ ಓದು ಬರಿಯ ತಾಳೆನೋಡುವ ಕೆಲಸವಾಗುತ್ತದೆ.

‘ಪಾರಸಿಕರು’ ನಾಟಕದಲ್ಲೇ ಇದನ್ನು ಪರೀಕ್ಷಿಸಬಹುದು. ಸಲಾಮಿಸ್ ಯುದ್ಧದ ಇತಿಹಾಸವನ್ನು ಕೇಳಿದವನಿಗೆ ಥೆಮಿಸ್ಟೊಕ್ಲಿಸ್‌ನ ಪರಿಚಯವಾಗುತ್ತದೆ. ಗ್ರೀಕರು ರಾತ್ರಿ ಪಲಾಯನ ಮಾಡಲಿದ್ದಾರೆಂಬ ಸುಳ್ಳು ಸುದ್ದಿಯನ್ನು ಅವನು ತನ್ನ ಸೇವಕನ ಮೂಲಕ ಪಾರಸಿಕರಿಗೆ ಮುಟ್ಟಿಸಿದನೆಂದು ಹೆರೊಡೋಟಸ್ ಹೇಳುತ್ತಾನೆ. ಈಗ ನಾಟಕವನ್ನು ತೆರೆಯಬೇಕು. ಅಲ್ಲಿ ದೂತನು ಆ ಸುದ್ದಿ ತಂದವನನ್ನು ‘ಒಬ್ಬ ಗ್ರೀಕ’ ಎಂದಷ್ಟೇ ಕರೆಯುತ್ತಾನೆ. ಥೆಮಿಸ್ಟೊಕ್ಲಿಸ್‌ನ ಹೆಸರಿಲ್ಲ; ಗ್ರೀಕ್ ಯೋಧರಲ್ಲಿ ಯಾರೊಬ್ಬರ ಹೆಸರೂ ಇಲ್ಲ. ಹೆಸರುಗಳ ಸಾಲು ಇರುವುದು ಮಡಿದ ಪಾರಸಿಕ ನಾಯಕರದು. ರಂಗಸ್ಥಳ ಸೂಸಾ ನಗರ. ಕನಸು ಕಂಡು ಕಳವಳಗೊಂಡ ರಾಜಮಾತೆ, ಗೋರಿಯಿಂದೆದ್ದು ಬರುವ ಡೇರಿಯಸ್‌ನ ಪ್ರೇತ, ಹರಿದ ಬಟ್ಟೆಯಲ್ಲಿ ಮರಳುವ ಕ್ಸೆರ್ಕ್ಸಿಸ್ ನಮ್ಮೆದುರು ನಿಲ್ಲುತ್ತಾರೆ. ಗೆದ್ದ ನಗರದ ಕವಿ ಸೋತವರ ಮನೆಯೊಳಗೆ ಕುಳಿತು ಅವರ ಅಳಲನ್ನು ಕೇಳಿಸಿದ್ದಾನೆ. ಇತಿಹಾಸವನ್ನಷ್ಟೇ ಕೇಳಿ ನಿಲ್ಲಿಸಿದವನು ಇದನ್ನು ಬರಿಯ ವಿಜಯಗೀತೆಯೆಂದು ಭಾವಿಸುತ್ತಾನೆ. ಇತಿಹಾಸವನ್ನು ಕೇಳದೆ ಓದಿದವನಿಗೆ ಆ ಹೆಸರುಗಳ ಅಭಾವ ಕಾಣಿಸುವುದೇ ಇಲ್ಲ.

ಕನ್ನಡದ ಓದುಗನಿಗೆ ಈ ದಾರಿ ಅಪರಿಚಿತವಲ್ಲ. ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ‘ಗದಾಯುದ್ಧ’ವನ್ನು ಬರೆದ ರನ್ನನು ರಣಭೂಮಿಯಲ್ಲಿ ತನ್ನವರ ಶವಗಳ ನಡುವೆ ನಡೆಯುವ ದುರ್ಯೋಧನನಿಗೆ ಮರೆಯಲಾಗದ ಘನತೆಯನ್ನಿತ್ತನು. ರನ್ನನ ಕಾವ್ಯದಿಂದ ‘ಗದಾಯುದ್ಧ ನಾಟಕಂ’ ರೂಪಿಸಿದ ಬಿ.ಎಂ. ಶ್ರೀಕಂಠಯ್ಯನವರೇ ‘ಪಾರಸಿಕರು’ ನಾಟಕವನ್ನೂ ಕನ್ನಡಕ್ಕೆ ತಂದರು. ಈ ಎರಡನ್ನೂ ಜೊತೆಗಿಟ್ಟು ಓದುವ ವಿದ್ಯಾರ್ಥಿಗೆ ಈಸ್ಕಿಲಸ್‌ನ ಸೂಸಾ ದೂರದ ಊರಾಗಿ ಉಳಿಯುವುದಿಲ್ಲ.

ನಮ್ಮ ಗಮಕ ಸಂಪ್ರದಾಯದಲ್ಲಿ ವಾಚಕನ ಪಕ್ಕದಲ್ಲಿಯೇ ವ್ಯಾಖ್ಯಾನಕಾರ ಕೂರುತ್ತಾನೆ. ಮೊದಲು ಪದ್ಯ, ಬಳಿಕ ಅದರ ವಿವರಣೆ. ಪಾಡ್‌ಕಾಸ್ಟ್‌ನಲ್ಲಿ ಹೆಚ್ಚಾಗಿ ದೊರೆಯುವುದು ವಾಚನವಿಲ್ಲದ ವ್ಯಾಖ್ಯಾನ. ಆದ್ದರಿಂದ ವಾಚಕನ ಪಾತ್ರವನ್ನು ವಿದ್ಯಾರ್ಥಿಯೇ ವಹಿಸಬೇಕಾಗುತ್ತದೆ. ಯುದ್ಧದ ಇತಿಹಾಸ, ಉತ್ಸವದ ಸ್ವರೂಪ, ಮೇಳದ ಬಳಕೆ ಇವನ್ನು ಮೊದಲು ಕೇಳಲಿ. ಅನಂತರ ನಾಟಕವನ್ನು ಒಂದೇ ಬೈಠಕ್ಕಿನಲ್ಲಿ, ಸಾಧ್ಯವಾದರೆ ಗಟ್ಟಿಯಾಗಿ ಓದಲಿ. ತನಗೆ ತೋರಿದ ಒಂದು ಪ್ರಶ್ನೆಯನ್ನಾದರೂ ಬರೆದಿಟ್ಟುಕೊಂಡು, ಆಮೇಲೆ ವಿಮರ್ಶಕರ ಮಾತಿಗೆ ಕಿವಿಗೊಡಲಿ. ಸೂತ್ರಧಾರ ತನ್ನ ಮಾತು ಮುಗಿಸಿ ಪಕ್ಕಕ್ಕೆ ಸರಿದರೆ ಮಾತ್ರ ನಾಟಕ ಆರಂಭವಾಗುತ್ತದೆ.