ನಂದಿ ಸ್ಟೇಷನ್ ಟೇಬಲ್ ಮೇಲೆ: ರೈಲು ಮಾಡೆಲ್ ಕಟ್ಟೋರಿಗೆ ಬೇಕಾದ ಮಾಹಿತಿ

ಚಿಕ್ಕಬಳ್ಳಾಪುರ: ರಟ್ಟು, ಫೆವಿಕಾಲ್, ಐಸ್‌ಕ್ರೀಂ ಕಡ್ಡಿ ಇಟ್ಕೊಂಡು ಸ್ಟೇಷನ್, ಗೂಡ್ಸ್ ಶೆಡ್, ವ್ಯಾಗನ್‌ಗಳನ್ನು ಅಳತೆ ತಪ್ಪದ ಹಾಗೆ ಚಿಕ್ಕದಾಗಿ ಕಟ್ಟುವ ಹವ್ಯಾಸಕ್ಕೆ ಮಾಡೆಲ್ ರೈಲ್ವೆ ಅಂತಾರೆ. ಕಟ್ಟಿದ ಮೇಲೆ ಅದು ಬಿಸಿಲು, ಮಳೆ, ಧೂಳು ತಿಂದು ಹಳೇದಾದ ಹಾಗೆ ಕಾಣಬೇಕು. ಆ ಕೆಲಸದ ಹೆಸರು ವೆದರಿಂಗ್. ಆಟಿಕೆಗೂ ಮಾಡೆಲ್‌ಗೂ ಇರುವ ವ್ಯತ್ಯಾಸ ಇದೇ. ನಮ್ಮ ಜಿಲ್ಲೆಯವರಿಗಂತೂ ಇದರಲ್ಲಿ ಒಂದು ವಿಶೇಷ ಅನುಕೂಲ ಇದೆ. ಕಿತ್ತು ಹೋಗಿರುವ ನಮ್ಮ ಸಣ್ಣ ಗೇಜ್ ಲೈನು ಮಾಡೆಲ್‌ಗೆ ಹೇಳಿ ಮಾಡಿಸಿದ ಹಾಗಿದೆ.

ಯಾವ ಲೈನು ಅದು?

ಬೌರಿಂಗ್‌ಪೇಟೆಯಿಂದ, ಅಂದ್ರೆ ಈಗಿನ ಬಂಗಾರಪೇಟೆಯಿಂದ, ಕೋಲಾರಕ್ಕೆ 1913ರಲ್ಲಿ ನ್ಯಾರೋ ಗೇಜ್ ರೈಲು ಬಂತು. ಬೆಂಗಳೂರು ಕಡೆಯಿಂದ ದೇವನಹಳ್ಳಿ, ನಂದಿ ಮೇಲೆ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ಬಂತು. ಆಮೇಲೆ ಶಿಡ್ಲಘಟ್ಟ, ಚಿಂತಾಮಣಿ ಮಾರ್ಗವಾಗಿ ಎರಡೂ ಸೇರಿದವು. ಹಳಿಗಳ ನಡುವಿನ ಅಂತರ ಎರಡೂವರೆ ಅಡಿ, 762 ಮಿಲಿಮೀಟರ್. ಈ ಲೈನನ್ನು ಹಂತ ಹಂತವಾಗಿ ಬ್ರಾಡ್ ಗೇಜ್ ಮಾಡಿದರು. ಕೋಲಾರ–ಚಿಕ್ಕಬಳ್ಳಾಪುರ ಭಾಗ 2013ರಲ್ಲಿ ಮುಗೀತು. ಸಣ್ಣ ಹಳಿ ಹೋಯ್ತು, ಆದ್ರೆ ಹೆಂಚಿನ ಮಾಡಿನ ಕೆಲವು ಹಳೇ ಸ್ಟೇಷನ್ ಕಟ್ಟಡಗಳು ಉಳಿದಿವೆ. ನಂದಿ ಅದರಲ್ಲಿ ಒಂದು.

ಗೌರಿಬಿದನೂರು ಈ ಲೈನಿನಲ್ಲಿಲ್ಲ. ಅದು ಬೆಂಗಳೂರು–ಹಿಂದೂಪುರ ಮಾರ್ಗದ ಊರು. ದೊಡ್ಡ ಗೂಡ್ಸ್ ಗಾಡಿ ನೋಡಿ ವ್ಯಾಗನ್ ಮಾಡಬೇಕು ಅನ್ನೋರಿಗೆ ಅದೇ ಸರಿಯಾದ ಜಾಗ.

ಅಳತೆ ಲೆಕ್ಕ

ಪ್ರಪಂಚದಲ್ಲಿ ಹೆಚ್ಚು ಬಳಕೆಯಲ್ಲಿರೋದು ಎಚ್‌ಓ ಸ್ಕೇಲ್. ಅಂದ್ರೆ ನಿಜವಾದ್ದರ 87ನೇ ಒಂದು ಭಾಗ. ಅಳತೆಯನ್ನು 87ರಿಂದ ಭಾಗಿಸಿದ್ರೆ ಆಯ್ತು.

- 7 ಅಡಿ ಬಾಗಿಲು: ಸುಮಾರು 2.5 ಸೆಂ.ಮೀ.
- ಐದೂವರೆ ಅಡಿ ಆಳು: ಸುಮಾರು 19 ಮಿ.ಮೀ.
- 15 ಮೀಟರ್ ಉದ್ದದ ಕಟ್ಟಡ: ಸುಮಾರು 17 ಸೆಂ.ಮೀ.
- ನೀಲಿ ಬಣ್ಣದ ಐಸಿಎಫ್ ಬೋಗಿ: ಸುಮಾರು 24.5 ಸೆಂ.ಮೀ.
- ಬಾಕ್ಸ್‌ಎನ್ ವ್ಯಾಗನ್: ಸುಮಾರು 11 ಸೆಂ.ಮೀ.

ಹಳಿಯದ್ದೇ ಸ್ವಲ್ಪ ತೊಡಕು. ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿಯ ಅಗಲ 16.5 ಮಿ.ಮೀ. ಅದು ವಿದೇಶದ 1,435 ಮಿ.ಮೀ. ಗೇಜಿನ ಲೆಕ್ಕ. ನಮ್ಮ ಬ್ರಾಡ್ ಗೇಜ್ 1,676 ಮಿ.ಮೀ. ಅದಕ್ಕೆ 19.3 ಮಿ.ಮೀ. ಹಳಿ ಬೇಕು. ಅದು ರೆಡಿಮೇಡ್ ಸಿಗೋದು ಕಷ್ಟ ಅಂತ ತುಂಬಾ ಜನ 16.5ರಲ್ಲೇ ಅಡ್ಜಸ್ಟ್ ಮಾಡ್ಕೋತಾರೆ. ಅದೇ ನಮ್ಮ 762 ಮಿ.ಮೀ. ಲೈನಿಗೆ ಬೇಕಾದ್ದು 8.8 ಮಿ.ಮೀ. ಎನ್ ಗೇಜ್ ಅಂತ ಮಾರುವ ಹಳಿ 9 ಮಿ.ಮೀ. ಇರುತ್ತೆ. ಹೆಚ್ಚು ಕಡಿಮೆ ಸರಿಹೋಯ್ತು! ಓಡ್ತಿರುವ ರೈಲಿಗಿಂತ ನಿಂತುಹೋದ ರೈಲಿಗೇ ಅಳತೆಯ ಹಳಿ ಸುಲಭವಾಗಿ ಸಿಗುತ್ತೆ.

ಮೊದಲು ಕಟ್ಟಡ ಮಾಡಿ

ಇಂಪೋರ್ಟ್ ಇಂಜಿನ್‌ಗೆ ಸಾವಿರಾರು ರೂಪಾಯಿ ಬೇಕು. ಕಟ್ಟಡಕ್ಕೆ ಬೇಕಾಗಿದ್ದೆಲ್ಲ ಪೇಟೆಯಲ್ಲೇ ಸಿಗತ್ತೆ.

ಗೋಡೆಗೆ ಗಟ್ಟಿ ರಟ್ಟು. ಕಿಟಕಿ ಚೌಕಟ್ಟಿಗೆ ಹಳೇ ಮದುವೆ ಕಾರ್ಡ್. ಕಂಬ, ತೊಲೆಗೆ ಬೆಂಕಿಕಡ್ಡಿ, ಅಗರಬತ್ತಿ ಕಡ್ಡಿ. ಕಲ್ಲು ಗೋಡೆಯಾದ್ರೆ ರಟ್ಟಿನ ಮೇಲೆ ಫೆವಿಕಾಲ್ ಮತ್ತು ಸುಣ್ಣದ ಪುಡಿ ಕಲಸಿ ಬಳಿದು, ಅರ್ಧ ಒಣಗಿದಾಗ ಗುಂಡುಸೂಜಿಯಿಂದ ಕಲ್ಲಿನ ಗೆರೆ ಕೊರೀಬೇಕು.

ಹೆಂಚಿಗೆ ತೆಳ್ಳನೆಯ ಪ್ಯಾಕಿಂಗ್ ಡಬ್ಬದ ಒಳಗಿರೋ ಅಲೆ ಅಲೆ ಕಾಗದ ಬಿಡಿಸಿ ತೆಗೀರಿ. ಮಂಗಳೂರು ಹೆಂಚು ಈ ಸ್ಕೇಲಿಗೆ ಅರ್ಧ ಸೆಂಟಿಮೀಟರೂ ಇರಲ್ಲ. 4 ಮಿ.ಮೀ. ಪಟ್ಟಿ ಕತ್ತರಿಸಿ ಕೆಳಗಿನ ಸಾಲಿಂದ ಮೇಲಕ್ಕೆ ಒಂದರ ಮೇಲೊಂದು ಅಂಟಿಸಿ. ಮೇಲಿಂದ ಶುರು ಮಾಡಿದ್ರೆ ಸಾಲು ಉಲ್ಟಾ ಆಗುತ್ತೆ, ನಿಜವಾದ ಮನೆಯಾಗಿದ್ರೆ ಸೋರೋದು.

ಹಳಿ ಪಕ್ಕದ ಒಣಹುಲ್ಲಿಗೆ ಸೆಣಬಿನ ದಾರ ಸಣ್ಣಗೆ ಕತ್ತರಿಸಿ ಹಾಕಿ. ಶಿಡ್ಲಘಟ್ಟದವರು ರೀಲಿಂಗ್‌ನಲ್ಲಿ ಉಳಿದ ವೇಸ್ಟ್ ರೇಷ್ಮೆಗೆ ಬಣ್ಣ ಹಾಕಿಯೂ ನೋಡಬಹುದು. ನೆಲಕ್ಕೆ ಒಣಗಿಸಿದ ಟೀ ಚರಟ, ಜರಡಿ ಹಿಡಿದ ಮಣ್ಣು.

ಹಳೇದು ಮಾಡೋದು ಹೇಗೆ?

ಕೊಳೆ ಎಲ್ಲಿಂದ ಬರುತ್ತೆ ಅಂತ ಮೊದಲು ಯೋಚಿಸಿ, ಆಮೇಲೆ ಬ್ರಷ್ ಹಿಡೀರಿ. ಗೋಡೆಯ ಕೆಳಗೆ ಮಳೆ ಹನಿ ಸಿಡಿದು ಕೆಂಪು ಮಣ್ಣು. ಕಿಟಕಿ ಮೂಲೆಯಿಂದ ನೀರು ಇಳಿದ ಗೆರೆ. ವ್ಯಾಗನ್ ಅಡಿಯಲ್ಲಿ ಬ್ರೇಕ್ ಕಟ್ಟೆ ಸವೆದ ಕಂದು ಪುಡಿ. ಉಗಿ ಇಂಜಿನ್ ಆದ್ರೆ ಮೇಲೆ ಮಸಿ, ಬಾಯ್ಲರ್ ಜಾಯಿಂಟಿನಲ್ಲಿ ಬಿಳಿ ಕಲೆ. ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ಒಳಗೆ ಕಟ್ಟುತ್ತಲ್ಲ, ಅದೇ ಉಪ್ಪು.

1. ಬಣ್ಣ ಪೂರ್ತಿ ಒಣಗಲಿ. ಹೊಳಪಿದ್ರೆ ಮ್ಯಾಟ್ ವಾರ್ನಿಷ್ ಹೊಡೀರಿ, ಇಲ್ಲಾಂದ್ರೆ ಪುಡಿ ನಿಲ್ಲಲ್ಲ.
2. ಕಂದು ಅಕ್ರಿಲಿಕ್ ಒಂದು ಪಾಲು, ನೀರು ಎಂಟು–ಹತ್ತು ಪಾಲು, ಒಂದು ಹನಿ ಪಾತ್ರೆ ತೊಳೆಯೋ ಸೋಪು. ಬಳಿದು ಬಟ್ಟೆಯಿಂದ ಮೇಲಿಂದ ಕೆಳಕ್ಕೆ ಮಾತ್ರ ಒರೆಸಿ. ಮಳೆ ನೀರು ಅಡ್ಡ ಹರಿಯಲ್ಲ.
3. ಬ್ರಷ್‌ಗೆ ತಿಳಿ ಬಣ್ಣ ಮುಟ್ಟಿಸಿ, ಪೇಪರ್ ಮೇಲೆ ಒರೆಸಿ, ಬರೀ ಅಂಚುಗಳ ಮೇಲೆ ಆಡಿಸಿ.
4. ಇದ್ದಿಲು, ಇಟ್ಟಿಗೆ, ಕೆಮ್ಮಣ್ಣಿನ ನುಣ್ಣನೆ ಪುಡಿ ಒಣ ಬ್ರಷ್‌ನಿಂದ ತಿಕ್ಕಿ. ಮೂಗಿಗೆ ಮಾಸ್ಕ್ ಇರಲಿ.
5. ದೂರದಿಂದ ತೆಳ್ಳಗೆ ಇನ್ನೊಮ್ಮೆ ಮ್ಯಾಟ್ ವಾರ್ನಿಷ್.

ಮೊದಲು ಬೇಡದ ರಟ್ಟಿನ ಮೇಲೆ ಟೆಸ್ಟ್ ಮಾಡಿ. ಎಲ್ಲ ವ್ಯಾಗನ್‌ಗೂ ಒಂದೇ ಥರ ತುಕ್ಕು ಬಳಿಯೋಕೆ ಹೋಗ್ಬೇಡಿ. ಒಂದೇ ಗಾಡಿಯಲ್ಲಿ ಹೊಸದೂ ಇರುತ್ತೆ, ಹಳೇದೂ ಇರುತ್ತೆ.

ಸ್ಟೇಷನ್‌ಗೆ ಹೋಗುವಾಗ

ಅಳತೆ, ಫೋಟೋ ತಗೊಳ್ಳೋಕೆ ಮುಂಚೆ ಸ್ಟೇಷನ್ ಮಾಸ್ಟರ್ ಹತ್ರ ಕೇಳಿ. ಹಳಿ ಮೇಲೆ ಇಳೀಬೇಡಿ. ರೈಲ್ವೆ ಕಾಯ್ದೆ 1989ರ 147ನೇ ಸೆಕ್ಷನ್ ಪ್ರಕಾರ ಅತಿಕ್ರಮ ಪ್ರವೇಶಕ್ಕೆ 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಗೋಡೆ ಪಕ್ಕ ಒಂದು ಅಡಿ ಸ್ಕೇಲ್ ನಿಲ್ಲಿಸಿ ಫೋಟೋ ತೆಗೆದ್ರೆ ಉಳಿದ ಅಳತೆ ಮನೇಲಿ ಲೆಕ್ಕ ಹಾಕಬಹುದು.

ಈಗಲೇ ತೆಗೆದಿಡೋದು ಒಳ್ಳೇದು. ಕಟ್ಟಡ ರಿಪೇರಿ ಆಗಿ ಉಳಿದ್ರೂ ಹೊಸ ಬಣ್ಣ ಬಿದ್ದ ದಿನ ಹಳೇ ಕಲೆ, ಹಳೇ ಬೋರ್ಡು ಹೋಗುತ್ತೆ. ಸಣ್ಣ ರೈಲಲ್ಲಿ ಓಡಾಡಿದ ಹಿರಿಯರು ಚಿಂತಾಮಣಿ, ಶಿಡ್ಲಘಟ್ಟದಲ್ಲಿ ಇನ್ನೂ ಇದ್ದಾರೆ. ಬೋಗಿ ಬಣ್ಣ ಏನಿತ್ತು, ನೀರಿನ ಟ್ಯಾಂಕ್ ಎಲ್ಲಿತ್ತು ಅಂತ ಅವರನ್ನೇ ಕೇಳಬೇಕು. ಅವರ ಮನೆ ಆಲ್ಬಂನಲ್ಲಿರೋ ಒಂದು ಫೋಟೋ ಎಷ್ಟೋ ಪುಸ್ತಕಕ್ಕಿಂತ ಹೆಚ್ಚು ಉಪಯೋಗ.

ಅಂಗಡಿಯವರ ಗಮನಕ್ಕೆ

ಸ್ಟೇಷನರಿ ಅಂಗಡಿಯವರು ಅಕ್ರಿಲಿಕ್ ಬಣ್ಣದಲ್ಲಿ ಕಂದು, ಕಪ್ಪು, ಬಿಳಿ ಹೆಚ್ಚಿಗೆ ಇಟ್ಟುಕೊಳ್ಳಬಹುದು. ಸೊನ್ನೆ ನಂಬರ್ ಬ್ರಷ್, ಗಟ್ಟಿ ರಟ್ಟು, ಕಟ್ಟರ್ ಬ್ಲೇಡ್ ಕೂಡ ಬೇಕಾಗುತ್ತೆ. ಶಾಲೆ ಪ್ರಾಜೆಕ್ಟ್ ಮಕ್ಕಳಿಗೂ ಇದೇ ಸಾಮಾನು. ಮಾಡೆಲ್ ಹಳಿಗೆ ಹೋಗೋದು 12 ವೋಲ್ಟ್ ಡಿಸಿ. ಮನೆ ಕರೆಂಟ್ ನೇರ ಕೊಡೋ ಹಾಗಿಲ್ಲ ಅಂತ ಗಿರಾಕಿಗೆ ಒಂದು ಮಾತು ಹೇಳಿ.

ನೋಡೋಕೆ ಎಲ್ಲಿಗೆ ಹೋಗಬೇಕು?

ಹಳೇ ಇಂಜಿನ್, ಬೋಗಿಗಳನ್ನು ಹತ್ತಿರದಿಂದ ನೋಡೋಕೆ 1979ರಲ್ಲಿ ಶುರುವಾದ ಮೈಸೂರು ರೈಲು ಮ್ಯೂಸಿಯಂ ಇದೆ. ಓಡುವ ಮಾಡೆಲ್‌ಗಳಿಗೆ ಪುಣೆಯ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ. ಅಷ್ಟು ದೂರ ಆಗಲ್ಲ ಅಂದ್ರೆ ನಂದಿ ಸ್ಟೇಷನ್‌ಗೆ ಹೋಗಿ ಬನ್ನಿ. ಒಂದು ನೋಟ್‌ಬುಕ್, ಒಂದು ಟೇಪು ತಗೊಂಡು ಹೋದ್ರೆ ಸಾಕು.