ಮೊಳಕೈಗೆ ಒದಗಿದ ಲೋಹದ ಸಂಧಿ

ಮೊಳಕೈಯ ಸಮೀಪದ ಮೂಳೆಯಲ್ಲಿ ದುಷ್ಟ ಅರ್ಬುದವು ತಲೆದೋರಿತೆಂದರೆ, ಪ್ರಾಣವನ್ನುಳಿಸುವ ಸಲುವಾಗಿ ತೋಳನ್ನೇ ಕತ್ತರಿಸಿ ತೆಗೆಯುವುದು 1970ರ ದಶಕದವರೆಗೂ ಶಸ್ತ್ರವೈದ್ಯರ ಸಾಮಾನ್ಯ ನಿಯಮವಾಗಿತ್ತು. ಹಾಗೆ ಕತ್ತರಿಸಿದ ಮೇಲೂ, ಆಸ್ಟಿಯೋಸಾರ್ಕೋಮಾ ಎಂಬ ಮೂಳೆಯ ಘೋರ ಅರ್ಬುದಕ್ಕೆ ತುತ್ತಾದ ಐವರಲ್ಲಿ ನಾಲ್ವರು, ರೋಗದ ಕಣಗಳು ಅದಾಗಲೇ ಶ್ವಾಸಕೋಶವನ್ನು ಹೊಕ್ಕಿರುತ್ತಿದ್ದುದರಿಂದ, ಕೆಲವೇ ವರ್ಷಗಳಲ್ಲಿ ಮೃತ್ಯುವಶರಾಗುತ್ತಿದ್ದರು. ಅವರಲ್ಲಿ ಬಹುಮಂದಿ ಇನ್ನೂ ಹದಿಹರೆಯದವರೆಂಬುದನ್ನು ನೆನೆದರೆ ಮನಸ್ಸು ಕಲಕುತ್ತದೆ.

ಕೆಟ್ಟ ಸಂಧಿಯ ಸ್ಥಾನದಲ್ಲಿ ಕೃತಕ ಸಂಧಿಯನ್ನಿಡುವ ಆಸೆಯೇನೋ ಹಳೆಯದು. 1890ರಲ್ಲಿ ಬರ್ಲಿನ್ನಿನ ಥೆಮಿಸ್ಟೋಕ್ಲಿಸ್ ಗ್ಲೂಕನು ಕ್ಷಯದಿಂದ ಜೀರ್ಣವಾದ ಮೊಣಕಾಲಿಗೆ ದಂತದ ಕೀಲನ್ನು ಕೂಡಿಸಿದನಾದರೂ ಸೋಂಕು ಆ ಸಾಹಸವನ್ನು ಕೆಡಿಸಿತು. 1940ರಲ್ಲಿ ಅಮೆರಿಕದ ಆಸ್ಟಿನ್ ಮೂರ್ ಮತ್ತು ಹೆರಾಲ್ಡ್ ಬೋಲ್ಮನ್ನರು ಅರ್ಬುದ ತಿಂದ ತೊಡೆಮೂಳೆಯ ಮೇಲ್ಭಾಗವನ್ನು ತೆಗೆದು ವೈಟಾಲಿಯಂ ಎಂಬ ಮಿಶ್ರಲೋಹದ ಭಾಗವನ್ನಿಟ್ಟರು. ಬಳಿಕ ಲಂಡನ್ನಿನ ಸ್ಟಾನ್‌ಮೋರ್‌ನಲ್ಲಿ ಜಾನ್ ಸ್ಕೇಲ್ಸರು ಒಬ್ಬೊಬ್ಬ ರೋಗಿಯ ಅಳತೆಗೂ ಬೇರೆಬೇರೆಯಾಗಿ ಇಂತಹ ಮೂಳೆಗಳನ್ನು ಮಾಡಿಸತೊಡಗಿದರು.

ಮೊಳಕೈ ಮಾತ್ರ ಸುಲಭವಾಗಿ ಮಣಿಯಲಿಲ್ಲ. ತೋಳಿನ ಪ್ರಧಾನ ಧಮನಿಯೂ ಮೂರು ಮುಖ್ಯ ನರಗಳೂ ಮೂಳೆಗೆ ಒತ್ತಿಕೊಂಡೇ ಸಾಗುವ, ಹಿಂಬದಿಯಲ್ಲಿ ತೆಳುಚರ್ಮದ ಹೊದಿಕೆಯಷ್ಟೇ ಇರುವ ಆ ಇಕ್ಕಟ್ಟಿನಲ್ಲಿ ಅರ್ಬುದವನ್ನು ಇಡಿಯಾಗಿ ತೆಗೆಯುವುದೇ ದುಸ್ತರ; ತೆಗೆದಾಗ ಸಂಧಿಯನ್ನು ಬಿಗಿದಿದ್ದ ಅಸ್ಥಿರಜ್ಜುಗಳೂ ಹೋಗುವುದರಿಂದ, ಉಳಿದ ಮೂಳೆಗಳನ್ನು ಕೀಲೊಂದೇ ಹಿಡಿದಿಡಬೇಕು. ಸಂಧಿವಾತದ ರೋಗಿಗಳಿಗೆಂದು ರೋಜರ್ ಡೀ ರಚಿಸಿ 1972ರಲ್ಲಿ ವರ್ಣಿಸಿದ ಲೋಹದ ಕೀಲು ಬಾಗಿಲ ತಿರುಗಣಿಯಂತೆ ಒಂದೇ ದಿಕ್ಕಿನಲ್ಲಿ ಆಡುತ್ತಿದ್ದುದರಿಂದ, ತೋಳು ತಿರುಚಿದ ಬಲವೆಲ್ಲ ಕೀಲನ್ನು ಮೂಳೆಗೆ ಬೆಸೆದ ಸಿಮೆಂಟಿನ ಮೇಲೆ ಬಿದ್ದು ಬುಡವೇ ಸಡಿಲಗೊಳ್ಳುತ್ತಿತ್ತು. ರಾಲ್ಫ್ ಕೂನ್‌ರಾಡ್ ಮತ್ತು ಬರ್ನಾರ್ಡ್ ಮೋರಿಯವರ ಕೀಲಿನಲ್ಲಿ ಪಕ್ಕಕ್ಕೆ ಕೆಲವು ಡಿಗ್ರಿಗಳಷ್ಟು ಓಲಾಡುವ ಅವಕಾಶ ದೊರೆತ ಮೇಲೆಯೇ ಸಂಧಿಗೆ ದೀರ್ಘಾಯುಷ್ಯ ಲಭಿಸಿತು.

ಆದರೆ ಅರ್ಬುದದ ರೋಗಿಗೆ ಲೋಹಕ್ಕಿಂತ ಮಿಗಿಲಾದ ಉಪಕಾರವನ್ನು ಮಾಡಿದುದು ಔಷಧವೇ ಎಂದು ನಾನು ಭಾವಿಸುತ್ತೇನೆ. ನ್ಯೂಯಾರ್ಕಿನ ಸ್ಲೋನ್-ಕೆಟರಿಂಗ್ ಆಸ್ಪತ್ರೆಯಲ್ಲಿ 1970ರ ದಶಕದಲ್ಲಿ ಅಳತೆಯ ಕೃತಕಾಂಗವು ಸಿದ್ಧವಾಗಲು ಕೆಲವು ತಿಂಗಳುಗಳೇ ಹಿಡಿಯುತ್ತಿದ್ದಾಗ, ಆ ಕಾಲವನ್ನು ವ್ಯರ್ಥಗೊಳಿಸಲೊಲ್ಲದೆ ಜೆರಾಲ್ಡ್ ರೋಸೆನ್ನರು ಶಸ್ತ್ರಕ್ರಿಯೆಗೆ ಮುಂಚೆಯೇ ಕೀಮೋಥೆರಪಿಯನ್ನು ಆರಂಭಿಸಿದರು. ಅನಿವಾರ್ಯವಾದ ಆ ನಿರೀಕ್ಷೆಯಿಂದ ಹುಟ್ಟಿದ ಕ್ರಮವು ಇಂದು ಜಗತ್ತಿನಾದ್ಯಂತ ರೂಢವಾಗಿದೆ. ರೋಗವು ಹರಡುವುದಕ್ಕೆ ಮುನ್ನ ಬಂದವರಲ್ಲಿ ಈಗ ಸರಿಸುಮಾರು ಮೂರರಲ್ಲಿ ಎರಡು ಪಾಲು ಜನರು ಐದು ವರ್ಷಗಳನ್ನು ದಾಟುತ್ತಾರೆ.

ತೋಳಿನ ಮೂಳೆಯನ್ನೂ ಮೊಳಕೈಯನ್ನೂ ಕೃತಕಾಂಗದಿಂದ ಬದಲಿಸಿದ ಅನುಭವವನ್ನು ರಾಸ್, ಸ್ನೀತ್, ಸ್ಕೇಲ್ಸ್ ಎಂಬ ಮೂವರು 1987ರಲ್ಲಿ ಪ್ರಕಟಿಸಿದರು. ನಮ್ಮ ದೇಶದಲ್ಲಿಯೂ, ಆಮದಿನ ಸಂಧಿಗಳ ಬೆಲೆ ಬಡವರ ಕೈಗೆಟುಕದಿದ್ದುದರಿಂದ, ಚೆನ್ನೈಯ ಮಯಿಲ್‌ವಾಹನನ್ ನಟರಾಜನ್ ಮತ್ತು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ದೇಶೀಯವಾಗಿ ತಯಾರಾದ ಕೃತಕಾಂಗಗಳನ್ನು ಬಳಕೆಗೆ ತಂದರು. ಹೀಗೆ ಉಳಿದ ತೋಳು ಭಾರವಾದ ಮೂಟೆಯನ್ನು ಹೊರಲಾರದು. ಆದರೂ ತುತ್ತನ್ನು ಬಾಯಿಗೊಯ್ಯುವ, ಲೇಖನಿಯನ್ನು ಹಿಡಿಯುವ ತನ್ನದೇ ಕೈ ಉಳಿದಿರುವುದು ಅಲ್ಪಲಾಭವಲ್ಲ.

ಈ ವಿದ್ಯೆಯ ಫಲವೆಲ್ಲ ರೋಗಿಯು ಸಕಾಲದಲ್ಲಿ ಬಂದರೆ ಮಾತ್ರ ದೊರಕುವಂತಹದು. ಆದುದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಮನೆಯ ಮಕ್ಕಳಿಗೆ ಕೈಯಲ್ಲಾಗಲಿ ಕಾಲಿನಲ್ಲಾಗಲಿ ಇಳಿಯದ ಬಾವು, ರಾತ್ರಿ ನಿದ್ರೆಗೆಡಿಸುವ ನೋವು ಕಂಡುಬಂದರೆ, ಎಣ್ಣೆ ತಿಕ್ಕಿಸುತ್ತ, ಕಟ್ಟು ಕಟ್ಟಿಸುತ್ತ ಕಾಲಹರಣ ಮಾಡದೆ, ಮೊದಲು ಒಂದು ಎಕ್ಸ್-ರೇ ತೆಗೆಸಿರಿ.