ಎರಡನೆಯ ಯಜಮಾನನ ಕೈಗೆ ಬಂದ ರೋಲ್ಸ್-ರಾಯ್ಸ್

ಇಪ್ಪತ್ತನೆಯ ಶತಮಾನದ ಆರಂಭದ ಬ್ರಿಟನ್ನಿನಲ್ಲಿ ಐಷಾರಾಮಿ ಕಾರಿನ ಯಜಮಾನನು ಅದರ ಬಾನೆಟ್ ಎತ್ತಿ ನೋಡಬೇಕಾದ ಪ್ರಮೇಯವೇ ಬರುತ್ತಿರಲಿಲ್ಲ. ಆ ಕೆಲಸಕ್ಕೆ ಶೋಫರ್ ಇರುತ್ತಿದ್ದ. ಉಗಿಯಂತ್ರದ ಕುಲುಮೆಗೆ ಕಲ್ಲಿದ್ದಲು ಹಾಕುವವನು ಎಂಬ ಅರ್ಥದ ಫ್ರೆಂಚ್ ಪದದಿಂದ ಹೆಸರು ಪಡೆದ ಈ ನೌಕರನು ಚಾಲಕನೂ ಮೆಕ್ಯಾನಿಕ್ಕೂ ಆಗಿರಬೇಕಿತ್ತಾದ್ದರಿಂದ, ರೋಲ್ಸ್-ರಾಯ್ಸ್ ಸಂಸ್ಥೆಯು ಇಂಥವರಿಗೆಂದೇ ತರಬೇತಿ ಶಾಲೆಯನ್ನು ನಡೆಸಿತು. 1922ರಲ್ಲಿ ಅದೇ ಸಂಸ್ಥೆ ತಾವೇ ಓಡಿಸಬಯಸುವವರನ್ನು ಗಮನದಲ್ಲಿಟ್ಟು 'ಟ್ವೆಂಟಿ' ಎಂಬ ಚಿಕ್ಕ ಮಾದರಿಯನ್ನು ತಂದಿತಾದರೂ, ಓಡಿಸುವ ಯಜಮಾನನು ಸ್ಪ್ಯಾನರ್ ಹಿಡಿಯುವ ಯಜಮಾನನಾಗಲು ಇನ್ನೂ ಕೆಲವು ದಶಕಗಳು ಬೇಕಾದವು.

ಈ ಬದಲಾವಣೆಯ ಮೂಲ ಒಂದು ಸರಳ ವೈಷಮ್ಯದಲ್ಲಿದೆ: ವಯಸ್ಸಾದಂತೆ ಕಾರಿನ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆಯಾಗಲಿ ಗ್ಯಾರೇಜಿನ ಕೂಲಿಯಾಗಲಿ ಹಾಗೆ ಇಳಿಯುವುದಿಲ್ಲ. ಕಾರು ರಸ್ತೆಗಿಳಿಯಲು ಯೋಗ್ಯವೇ ಎಂದು ನೋಡುವ ವಾರ್ಷಿಕ ತಪಾಸಣೆಯು 1960ರಲ್ಲಿ ಹತ್ತು ವರ್ಷ ದಾಟಿದ ಕಾರುಗಳಿಗೆ ಕಡ್ಡಾಯವಾಗಿ, 1967ರ ಹೊತ್ತಿಗೆ ಮೂರು ವರ್ಷದವುಗಳಿಗೂ ಅನ್ವಯಿಸಿದಾಗ, ದುರಸ್ತಿಯನ್ನು ಮುಂದೂಡುವ ದಾರಿಯೂ ಮುಚ್ಚಿತು. ಇದೇ ಕಾಲದಲ್ಲಿ ಜಾನ್ ಹೇನ್ಸ್ ಎಂಬ ವಾಯುಪಡೆಯ ಅಧಿಕಾರಿಯು ಏಡನ್ನಿನಲ್ಲಿ ಗೆಳೆಯನ ಆಸ್ಟಿನ್-ಹೀಲಿ ಸ್ಪ್ರೈಟ್ ಕಾರಿನ ಎಂಜಿನ್ನನ್ನು ಬಿಚ್ಚಿ ಜೋಡಿಸುತ್ತ, ಪ್ರತಿ ಹಂತದ ಛಾಯಾಚಿತ್ರ ತೆಗೆದು, 1966ರಲ್ಲಿ ಅದನ್ನೊಂದು ಕೈಪಿಡಿಯಾಗಿ ಪ್ರಕಟಿಸಿದರು. ಕಾರ್ಖಾನೆಗಳ ಕೈಪಿಡಿಗಳು ತರಬೇತಾದ ಕೆಲಸಗಾರನಿಗಾಗಿ ಬರೆದವು. ಹೇನ್ಸ್ ಬರೆದದ್ದು ಅಂಥ ತರಬೇತಿಯಿಲ್ಲದವನಿಗಾಗಿ. ಮುಂದೆ ಈ ಮಾಲೆ ಜಾಗ್ವಾರ್ ಎಕ್ಸ್‌ಜೆ6ನಂಥ ಸಿರಿವಂತ ಕಾರುಗಳಿಗೂ ಹಬ್ಬಿತು.

ಮನೆಯ ಶೆಡ್ಡಿನ ದುರಸ್ತಿಗೆ ನಿಜವಾದ ಪರೀಕ್ಷೆಯೊಡ್ಡಿದ್ದು ರೋಲ್ಸ್-ರಾಯ್ಸ್ ಸಿಲ್ವರ್ ಷ್ಯಾಡೋ. 1965ರಿಂದ 1980ರವರೆಗೆ ಕ್ರೂ ಪಟ್ಟಣದ ಕಾರ್ಖಾನೆಯಲ್ಲಿ ತಯಾರಾದ ಈ ಮಾದರಿಯು ಸಂಸ್ಥೆಯ ಹಿಂದಿನ ಯಾವ ಮಾದರಿಗಿಂತಲೂ ಹೆಚ್ಚು ಸಂಖ್ಯೆಯಲ್ಲಿ ಹೊರಬಂದಿದ್ದರಿಂದ, ಮುಂದೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸಾಧಾರಣ ಆದಾಯದವರ ಕೈಗೂ ಎಟುಕಿತು. ಕೊಳ್ಳುವವನ ಕಣ್ಣು ಚರ್ಮದ ಸೀಟು, ಮರದ ಡ್ಯಾಶ್‌ಬೋರ್ಡುಗಳ ಮೇಲೆ ನಿಲ್ಲುತ್ತಿದ್ದರೂ, ಅವನ ಹಣ ಹೋಗುತ್ತಿದ್ದುದು ಮಾತ್ರ ಕಾಣದ ಕೊಳವೆಗಳಿಗೆ. ಷ್ಯಾಡೋದ ಬ್ರೇಕುಗಳೂ, ಭಾರ ಹೆಚ್ಚಾದರೂ ಕಾರನ್ನು ಸಮಮಟ್ಟದಲ್ಲಿಡುವ ವ್ಯವಸ್ಥೆಯೂ ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆಯಿಂದ ಪರವಾನಗಿ ಪಡೆದ ಅಧಿಕ ಒತ್ತಡದ ದ್ರವತಂತ್ರವನ್ನು ಅವಲಂಬಿಸಿದ್ದವು. ಎಂಜಿನ್ನಿನ ಕ್ಯಾಮ್‌ಶಾಫ್ಟಿನಿಂದ ಚಲಿಸುವ ಎರಡು ಪಂಪುಗಳು ಒತ್ತಿದ ದ್ರವವು ಅಕ್ಯುಮುಲೇಟರ್ ಎಂಬ ಗುಂಡುಗಳಲ್ಲಿ ಸಂಗ್ರಹವಾಗುತ್ತದೆ; ಪ್ರತಿ ಗುಂಡಿನೊಳಗೆ ತೆಳು ಪೊರೆಯ ಆಚೆ ತುಂಬಿದ ನೈಟ್ರೋಜನ್ ಅನಿಲವು ಆ ಒತ್ತಡವನ್ನು ಹಿಡಿದಿಡುತ್ತದೆ.

ಹೊಸದಾಗಿ ಕೊಂಡವರು ಮೊದಲು ಕಲಿಯುತ್ತಿದ್ದ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಎಂಜಿನ್ ಆರಿಸಿ, ಇಗ್ನಿಷನ್ ಮಾತ್ರ ಚಾಲೂ ಇಟ್ಟು, ಬ್ರೇಕ್ ಪೆಡಲನ್ನು ಮತ್ತೆ ಮತ್ತೆ ಒತ್ತುತ್ತ, ಎಷ್ಟನೆಯ ಒತ್ತಿಗೆ ಎಚ್ಚರಿಕೆ ದೀಪ ಬೆಳಗುತ್ತದೆಂದು ಎಣಿಸುವುದೇ ಆ ಪರೀಕ್ಷೆ. ನಾಲ್ಕಾರು ಒತ್ತಿಗೇ ದೀಪ ಹತ್ತಿದರೆ ಗುಂಡಿನ ಅನಿಲ ಸೋರಿಹೋಗಿದೆಯೆಂದು ಅರ್ಥ. ಆದರೆ ಪತ್ತೆ ಹಚ್ಚಿದಷ್ಟು ಸುಲಭವಲ್ಲ ಬಿಚ್ಚುವುದು. ಒಳಗಿನ ಒತ್ತಡವನ್ನು ಪೂರ್ತಿ ಇಳಿಸದೆ ಕೊಳವೆ ಸಡಿಲಿಸಿದರೆ ದ್ರವವು ಅಪಾಯಕರ ರಭಸದಲ್ಲಿ ಚಿಮ್ಮುತ್ತದೆ. ಓಡದೆ ವರ್ಷಗಟ್ಟಲೆ ನಿಂತ ಕಾರಿನಲ್ಲಂತೂ, ಗಾಳಿಯ ತೇವವನ್ನು ಹೀರುವ ಗುಣವಿರುವ ಬ್ರೇಕ್ ಆಯಿಲ್ ಒಳಗಿನಿಂದಲೇ ತುಕ್ಕು ಹಿಡಿಸಿರುತ್ತದೆ. ಕಡಿಮೆ ಓಡಿದ ಕಾರೇ ಮೇಲು ಎಂಬ ಸಾಮಾನ್ಯ ನಂಬಿಕೆ ಷ್ಯಾಡೋದ ವಿಷಯದಲ್ಲಿ ಅನೇಕರಿಗೆ ದುಬಾರಿಯಾಗಿ ಪರಿಣಮಿಸಿತೆನ್ನಬೇಕು.

ಈ ತಿಳಿವಳಿಕೆಯನ್ನು ಹಂಚಿದವರಲ್ಲಿ ಡೀಲರುಗಳಿಗಿಂತ ಮಾಲೀಕರ ಸಂಘಗಳ ಪಾಲು ದೊಡ್ಡದು. ಬ್ರಿಟನ್ನಿನಲ್ಲಿ 1957ರಲ್ಲಿ ಹುಟ್ಟಿದ ರೋಲ್ಸ್-ರಾಯ್ಸ್ ಅಭಿಮಾನಿಗಳ ಕ್ಲಬ್ಬು ನಾರ್ಥ್ಯಾಂಪ್ಟನ್‌ಷೈರ್‌ನ ಹಂಟ್ ಹೌಸಿನಲ್ಲಿ ಸದಸ್ಯರಿಗೆ ತಾಂತ್ರಿಕ ಶಿಬಿರಗಳನ್ನೇರ್ಪಡಿಸಿತು. ಶೋಫರನಿಗೆ ಒಮ್ಮೆ ಸಂಸ್ಥೆ ಕಲಿಸಿದ್ದನ್ನು ಈಗ ಯಜಮಾನರೇ ಒಬ್ಬರಿಂದೊಬ್ಬರು ಕಲಿಯತೊಡಗಿದರು. 1980ರಲ್ಲಿ ಷ್ಯಾಡೋದ ಉತ್ತರಾಧಿಕಾರಿಯಾಗಿ ಬಂದ ಸಿಲ್ವರ್ ಸ್ಪಿರಿಟ್ ಬ್ರೇಕ್ ಆಯಿಲನ್ನು ಕೈಬಿಟ್ಟು ತೇವ ಹೀರದ ಖನಿಜ ತೈಲಕ್ಕೆ ಹೊರಳಿದಾಗ ಈ ಪಾಠಗಳಿಗೆ ಇನ್ನೊಂದು ಸೇರಿತು: ಆ ತೈಲವನ್ನು ಮರೆತು ಷ್ಯಾಡೋಗೆ ಸುರಿದರೆ ರಬ್ಬರ್ ಸೀಲುಗಳೆಲ್ಲ ಉಬ್ಬಿ ಕೆಡುತ್ತವಾದ್ದರಿಂದ, ಎರಡೂ ಕಾರುಗಳಿದ್ದ ಶೆಡ್ಡಿನಲ್ಲಿ ಎರಡು ಡಬ್ಬಿಗಳನ್ನು ಬೇರೆ ಬೇರೆ ಕಪಾಟಿನಲ್ಲಿಡಬೇಕಾಯಿತು.